ಬಿರುಕು ಮುಚ್ಚುವ ದಿನ

"ಸ್ವಲ್ಪ ತಡೀರಿ ಮೇಸ್ತ್ರಿ," ಎಂದು ಹೊಲಿಗೆಯವಳು ಗೋಡೆಗೆ ಅಡ್ಡ ನಿಂತಳು. "ಒಳಗೆ ಹಲ್ಲಿ ಇದೆ. ಹೊರಗೆ ಬರ್ಲಿ."

"ಆಗ ಇರುವೆ ಅಂದ್ರಿ, ಆಮೇಲೆ ಜೇಡ ಅಂದ್ರಿ. ಗೋಡೇಲಿ ಮೃಗಾಲಯ ಇಟ್ಟಿದೀರೇನಮ್ಮ?" ಗಾರೆ ಮೇಸ್ತ್ರಿ ಕರಣೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತ.

ರಸ್ತೆಯಾಚೆ ನೆಲದಡಿಯ ರೈಲಿಗಾಗಿ ಗುಂಡಿ ತೋಡುತ್ತಿದ್ದರು. ಮೇಲೆ ನಿಂತು ಬೈದರೆ ಕೆಳಗಿದ್ದವನಿಗೆ ಊಟದ ಹೊತ್ತಿಗೆ ಮುಟ್ಟುತ್ತಿತ್ತು, ಅಷ್ಟು ಆಳ. ಗುಂಡಿಯ ಅಂಚಿನ ಕಾಂಕ್ರೀಟ್ ತಡೆಗೋಡೆ ಕೂದಲೆಳೆಯಷ್ಟು ಒಳಕ್ಕೆ ಬಾಗಿತು. ಹಿಂದಿನ ಮಣ್ಣು ಜರುಗಿತು. ಮಣ್ಣಿನ ಮೇಲಿದ್ದ ಮನೆಗಳೂ ತಾವೇನು ಕಡಿಮೆ ಎಂದು ಬಿರುಕು ಬಿಟ್ಟವು. ಹೊಲಿಗೆಯವಳ ಮನೆಗೂ ಪಕ್ಕದ ತಂಗಿಯ ಮನೆಗೂ ಇದ್ದದ್ದು ಒಂದೇ ಗೋಡೆ. ಅದು ಸೂರಿನಿಂದ ಸೊಂಟದ ಮಟ್ಟದವರೆಗೆ ಬಿರಿದಿತ್ತು.

ಅಕ್ಕ ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ತಂಗಿಯ ಮಗಳ ಮದುವೆಗೆಂದು ಅಕ್ಕ ಹೊಲಿದ ನಿಲುವಂಗಿ ತಂಗಿಗೆ ಬಿಗಿಯಾಯಿತು. "ಅಳತೆ ಸರಿ ಇದೆ, ನೀನೇ ಊದಿದೀಯ" ಎಂದು ಅಕ್ಕ ನೆಂಟರ ಮುಂದೆ ಅಂದುಬಿಟ್ಟಳು. ಅಷ್ಟೇ. ಗೋಡೆ ಬಿರಿದಾಗಲೂ, ತಂಗಿ ಬೇಕೆಂದೇ ಮೊಳೆ ಹೊಡೆಯುತ್ತಿದ್ದಾಳೆ ಎಂದುಕೊಂಡಳು ಅಕ್ಕ. ಅಕ್ಕನ ಹೊಲಿಗೆ ಯಂತ್ರದ ಅದುರಾಟಕ್ಕೇ ಹೀಗಾಯಿತೆಂದು ಬೀದಿಗೆಲ್ಲ ಸಾರಿದಳು ತಂಗಿ. ಗುಂಡಿಯನ್ನು ಮಾತ್ರ ಇಬ್ಬರೂ ಬೈಯಲಿಲ್ಲ.

ಬಿರುಕು ಅಗಲವಾದಂತೆ ಆಚೆಯ ಸದ್ದು ಈಚೆ ಬಂತು. ತಂಗಿ ಹಾಲು ಉಕ್ಕಿಸಿ ತನ್ನನ್ನೇ ಬೈದುಕೊಳ್ಳುವುದು, ರೇಡಿಯೊ ಜೊತೆ ರಾಗ ತಪ್ಪಿ ಹಾಡುವುದು, ಮನೆ ನಡುಗುವಂತೆ ಸೀನುವುದು. ಹೊಲಿಗೆಯವಳು ಯಂತ್ರವನ್ನು ಗೋಡೆಯ ಪಕ್ಕಕ್ಕೇ ಎಳೆದುಕೊಂಡಳು. ತುಳಿಯುವುದಕ್ಕಿಂತ ನಿಲ್ಲಿಸಿ ಕಿವಿಗೊಡುವುದೇ ಹೆಚ್ಚಾಯಿತು. ಗಿರಾಕಿಯೊಬ್ಬನ ಪ್ಯಾಂಟಿನ ಜೇಬುಗಳೆಲ್ಲ ಒಂದೇ ಕಡೆ ಬಿದ್ದವು.

ರೈಲು ಕೆಲಸದ ಎಂಜಿನಿಯರ್ ಬಿರುಕಿಗೆ ಅಡ್ಡಲಾಗಿ ಗಾಜಿನ ಚೂರು ಅಂಟಿಸಿದ್ದ. ಗೋಡೆ ಜರುಗಿದರೆ ಗಾಜು ಒಡೆಯಬೇಕು; ಒಡೆದಾಗಲೆಲ್ಲ ಹೊಸದು ಅಂಟಿಸುತ್ತಿದ್ದ. ಗುಂಡಿಯೊಳಗೆ ಉಕ್ಕಿನ ತೊಲೆಗಳನ್ನು ಅಡ್ಡ ಕೊಟ್ಟ ಮೇಲೆ ಗಾಜು ಒಡೆಯುವುದು ನಿಂತಿತು. "ಇನ್ನು ಭಯ ಇಲ್ಲ, ಮುಚ್ಚಿಸ್ತೀನಿ" ಎಂದು ನಗುತ್ತ ಹೋದವನು ಮೇಸ್ತ್ರಿಯನ್ನು ಕಳಿಸಿದ್ದ.

"ಮೇಸ್ತ್ರಿ, ಹಲ್ಲಿ ಗಿಲ್ಲಿ ಏನಿಲ್ಲ," ಆಚೆಯಿಂದ ತಂಗಿಯ ದನಿ ಬಂತು. "ಅವಳ್ದು ಬರೀ ನಾಟಕ. ಮುಚ್ಚಿ ನೀವು."

ಹೊಲಿಗೆಯವಳ ಮುಖ ಸಪ್ಪಗಾಯಿತು. "ಅವಳಿಗೆ ಹೇಳಿ, ನನ್ನ ಗೋಡೆ ಹಲ್ಲಿ ನನಗೆ ಗೊತ್ತು ಅಂತ."

"ನಾನ್ಯಾಕಮ್ಮ ಹೇಳ್ಲಿ? ಈ ಸಂದೀಲಿ ಅವರ ಉಸಿರೂ ಕೇಳಿಸ್ತಿದೆ!"

ಆಚೆ ತಂಗಿ ಬೀರು ತೆಗೆದ ಸದ್ದಾಯಿತು. ಆಮೇಲೆ, "ಮುಚ್ಚೋ ಮುಂಚೆ ಅವಳಿಗೆ ಒಂದು ಮಾತು ಹೇಳಿ ಮೇಸ್ತ್ರಿ. ಆ ಮದುವೆ ಅಂಗಿ ಈಗ ಸಡಿಲ. ಭುಜದಿಂದ ಜಾರತ್ತೆ."

ಹೊಲಿಗೆಯವಳು ಬಿರುಕಿಗೇ ಬಾಯಿ ಹಚ್ಚಿದಳು. "ಯಾಕೇ? ಸರಿಯಾಗಿ ಉಣ್ತಿಲ್ವೇನೇ?"

"ಒಬ್ಬಳಿಗೆ ಅಂತ ಏನು ಮಾಡ್ಕೊಳ್ಳೋದು, ಅಕ್ಕಾ?"

ಮೇಸ್ತ್ರಿ ಕೆಮ್ಮಿ, ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋದ.

ಹೊಲಿಗೆಯವಳು ಕೊರಳಿನ ಅಳತೆ ಟೇಪು ತೆಗೆದು ಅದರ ತುದಿಯನ್ನು ಬಿರುಕಿನೊಳಗೆ ತೂರಿಸಿದಳು. "ಸೊಂಟಕ್ಕೆ ಸುತ್ತಿ ನೋಡು. ಹೊಟ್ಟೆ ಉಬ್ಬಿಸಿ ಮೋಸ ಮಾಡ್ಬೇಡ."

ಆಚೆಯಿಂದ ಸೆಳೆತ ಬಂತು. ಟೇಪು ಅವಳ ಬೆರಳ ಸಂದಿನಿಂದ ಮೆಲ್ಲಗೆ ಜಾರುತ್ತ ಹೋಯಿತು. ಈಚೆಯ ತುದಿ ಕೈಗೆ ಸಿಕ್ಕಾಗ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೆನ್ನೆಯನ್ನು ಗೋಡೆಗೆ ಆನಿಸಿ ನಿಂತಳು.