ಬಿಸಿನೀರಿನ ಉಪ್ಪು

ಬೆಳಗಿನಿಂದ ತೋಕಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಚಹಾ ಬಗ್ಗಿಸಿಕೊಂಡಳು, ಕುಡಿಯಲಿಲ್ಲ. ಬಾಗಿಲ ತನಕ ಹೋದಳು, ಬಂದಳು. ತನ್ನ ಹಳೆಯ ಕಾರನ್ನು ನಿನ್ನೆಯೇ ಕೊದಾಮನ ಗ್ಯಾರೇಜಿಗೆ ಬಿಟ್ಟಾಗಿತ್ತು. ಎರಡು ವರ್ಷಕ್ಕೊಮ್ಮೆ ಬರುವ ಪರೀಕ್ಷೆ. ಗಾಡಿ ಪಾಸಾದರೆ ಇನ್ನೆರಡು ವರ್ಷ ಓಡಿಸಬಹುದು. ಇಲ್ಲದಿದ್ದರೆ ಲೈಸೆನ್ಸನ್ನು ಪೊಲೀಸ್ ಠಾಣೆಗೆ ಒಪ್ಪಿಸಿಬಿಡಬೇಕು. ಮಗನಿಗೆ ಹಾಗೆಂದು ಮಾತು ಕೊಟ್ಟಿದ್ದಳು. ಎಪ್ಪತ್ತಮೂರನೇ ವಯಸ್ಸಿಗೆ ಹೊಸ ಗಾಡಿ ಯಾಕಮ್ಮ ಎಂದಿದ್ದ ಅವನು. ಇವಳೂ ಹೂಂ ಎಂದಿದ್ದಳು. ಈ ಗಾಡಿಗೆ ಅಷ್ಟು ಬೇಗ ಸಾವಿಲ್ಲ ಎಂಬ ಧೈರ್ಯ.

ಧೈರ್ಯಕ್ಕೆ ಕಾರಣ ಅಂಗಳದಲ್ಲಿತ್ತು. ಚಳಿಗಾಲ ಪೂರ್ತಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ಗಾಡಿಯ ಅಡಿಗೆ ಸಿಡಿದು ಕಬ್ಬಿಣವನ್ನು ತಿನ್ನುತ್ತದೆ. ಊರಿನವರ ಗಾಡಿಗಳೆಲ್ಲ ಹಾಗೆಯೇ ಮುಗಿಯುವುದು. ತೋಕಿ ಒಂದು ಹಳೆಯ ರಬ್ಬರ್ ಪೈಪಿಗೆ ಸಾಲಾಗಿ ತೂತು ಹೊಡೆದು, ಬಿಸಿನೀರಿನ ಬುಗ್ಗೆಯಿಂದ ಹರಿದು ಬರುವ ಕಾಲುವೆಗೆ ಸಿಕ್ಕಿಸಿ, ಅಂಗಳಕ್ಕೆ ಅಡ್ಡ ಹಾಸಿದ್ದಳು. ದಿನಾ ಸಂಜೆ ಗಾಡಿಯನ್ನು ಅದರ ಮೇಲೆ ನಿಲ್ಲಿಸಿದರೆ ಬಿಸಿನೀರು ಕೆಳಗಿನಿಂದ ಚಿಮ್ಮಿ ಅಡಿಯೆಲ್ಲ ತೊಳೆಯುತ್ತಿತ್ತು. ತಣ್ಣೀರಾದರೆ ಹೆಪ್ಪುಗಟ್ಟುತ್ತದೆ, ಇದಕ್ಕೆ ಆ ಕಾಟವಿಲ್ಲ. ಅವಳನ್ನು ನೋಡಿ ನಾಲ್ಕು ಮನೆಯವರು ತಾವೂ ಪೈಪು ಹಾಸಿದ್ದರು.

ಇನ್ನು ತಡೆಯಲಾಗದೆ ರಬ್ಬರ್ ಬೂಟು ಏರಿಸಿ ಹೊರಟಳು. ದಾರಿಯಲ್ಲಿ ಮಿನೆಯ ಮನೆ. ಮಿನೆ ಅವಳ ಗಂಡನ ಅಕ್ಕ. ವಾರಕ್ಕೆ ಮೂರು ದಿನ ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕರೆದೊಯ್ಯುವವಳು ತೋಕಿ. ಕಿಟಕಿಯಿಂದಲೇ ಮಿನೆ ಕೂಗಿದಳು.

"ಎಲ್ಲಿಗೇ ಓಟ? ಪರೀಕ್ಷೆ ನಿನಗೋ ಗಾಡಿಗೋ?"

"ಸುಮ್ನಿರಿ ಅತ್ತಿಗೆ. ಸಂಜೆ ಹೇಳ್ತೀನಿ."

ಗ್ಯಾರೇಜಿನಲ್ಲಿ ಗಾಡಿ ಲಿಫ್ಟಿನ ಮೇಲೆ ಏರಿ ನಿಂತಿತ್ತು. ಅದರ ಹೊಟ್ಟೆಯನ್ನು ತೋಕಿ ಹೀಗೆ ನಿಂತುಕೊಂಡು ನೋಡಿದ್ದೇ ಇಲ್ಲ. ಪ್ರತಿ ಶರತ್ಕಾಲದಲ್ಲಿ ಕೊದಾಮ ಬಳಿಯುತ್ತಿದ್ದ ಕಪ್ಪು ಬಣ್ಣ ಅಲ್ಲಲ್ಲಿ ಉಬ್ಬಿತ್ತು. ಅವನು ಅವಳನ್ನು ಕಂಡು ತಲೆ ಕೆರೆದುಕೊಂಡ.

"ಯಾಕೆ ಬಂದ್ರಿ ದೊಡ್ಡಮ್ಮ, ಫೋನ್ ಮಾಡ್ತಿದ್ದೆನಲ್ಲ."

"ಫೋನಿಗೆ ಕಾಯೋ ತಾಳ್ಮೆ ಇಲ್ಲ. ಹೊಡಿ ನೋಡೋಣ."

ಅವನು ಉದ್ದ ಹಿಡಿಯ ಸಣ್ಣ ಸುತ್ತಿಗೆ ತೆಗೆದುಕೊಂಡು ಗಾಡಿಯ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಕಬ್ಬಿಣದ ತೊಲೆಗೆ ಬಡಿಯುತ್ತ ಹೋದ. ಬಲಗಡೆ ಟಣ್, ಟಣ್ ಎಂದಿತು. ಎಡಗಡೆ ಎರಡು ಸಲ ಟಣ್ ಎಂದಿತು. ಮೂರನೆಯ ಸಲಕ್ಕೆ ಸದ್ದೇ ಇಲ್ಲ. ಸುತ್ತಿಗೆಯ ಮೂತಿ ಒಳಗೆ ಹೊಕ್ಕಿತ್ತು. ಹೊರಗೆಳೆದಾಗ ಕೆಂಪು ಹುಡಿಯ ಜೊತೆ ಬಿಳಿ ಹರಳೂ ಉದುರಿತು.

"ನಾನು ದಿನಾ ತೊಳೆದಿದ್ದೀನಿ ಕಣೋ. ಒಂದು ದಿನ ತಪ್ಪಿಸಿಲ್ಲ."

"ಯಾವ ನೀರಲ್ಲಿ?"

"ಬಿಸಿನೀರಲ್ಲಿ. ಕಾಲುವೇದು."

ಕೊದಾಮ ಉದುರಿದ ಬಿಳಿ ಹರಳನ್ನು ಬೆರಳಿಗೆ ಅಂಟಿಸಿಕೊಂಡು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ. "ಸ್ನಾನದ ಮನೆ ಗಲ್ಲಾದಲ್ಲಿ ಕೂತು ನೀವು ನಮಗೆಲ್ಲ ಏನು ಹೇಳ್ತಿದ್ರಿ?"

ಅದೇ ಬುಗ್ಗೆಯ ನೀರಿನ ಊರ ಸಾರ್ವಜನಿಕ ಸ್ನಾನದ ಮನೆ ಮುಚ್ಚುವ ತನಕ ಮೂವತ್ತೊಂದು ವರ್ಷ ತೋಕಿ ಅದರ ಬಾಗಿಲಲ್ಲಿ ಕುಳಿತವಳು. ಬಂದವರಿಗೆಲ್ಲ ಒಂದೇ ಮಾತು. ಮಿಂದ ಮೇಲೆ ತಣ್ಣೀರು ಸುರಿದುಕೊಳ್ಳಬೇಡಿ, ಈ ನೀರಿನ ಉಪ್ಪು ಮೈಗೆ ಅಂಟಿಕೊಂಡಿರಲಿ, ಮಲಗುವ ತನಕ ಬೆಚ್ಚಗಿರುತ್ತೀರಿ. ಚಿಕ್ಕಂದಿನಲ್ಲಿ ಕದ್ದು ತಣ್ಣೀರು ಸುರಿದುಕೊಂಡ ಈ ಕೊದಾಮನ ಕಿವಿ ಹಿಂಡಿದ್ದಳು ಕೂಡ.

ಅವಳು ಅಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತಳು. ತಕ್ಷಣವೇ ಎದ್ದಳು.

"ಮೈಗೆ ಅಂಟೋದು ಕಬ್ಬಿಣಕ್ಕೂ ಅಂಟುತ್ತೆ," ಎಂದಳು ತಾನೇ.

"ನಾನು ಕಪ್ಪು ಬಳಿದದ್ದು ಹೊರಗೆ ದೊಡ್ಡಮ್ಮ. ತೊಲೆ ಒಳಗೆ ಟೊಳ್ಳು. ನೀವು ತೊಲೆ ಅಡಿಯ ತೂತಿಂದ ಉಪ್ಪುನೀರನ್ನ ಒಳಗೇ ನುಗ್ಗಿಸಿದ್ದೀರಿ. ರಸ್ತೆ ಉಪ್ಪು ಐದು ತಿಂಗಳು, ನಿಮ್ಮದು ಅದರ ಮೇಲೆ ಒಗ್ಗರಣೆ. ಬಾವಿ ನೀರು ಸಾಕಾಗಿತ್ತು."

"ಬಾವಿ ನೀರಲ್ಲಿ ಕೈ ಸೆಟೆದು ಹೋಗುತ್ತಲ್ಲೋ."

"ಸೆಟೆದುಕೊಳ್ಳೋದು ಕೈ. ಗಾಡಿ ಅಲ್ಲ."

ತೋಕಿ ಗಾಡಿಗೆ ಒಂದು ಸುತ್ತು ಬಂದಳು. ಎರಡನೆಯ ಸುತ್ತು ಬರುವಾಗ ಕೊದಾಮ ದನಿ ತಗ್ಗಿಸಿದ.

"ತಗಡು ಇಟ್ಟು ಬೆಸುಗೆ ಹಾಕಿ ಮೇಲೆ ಕಪ್ಪು ಬಳಿದರೆ ಪಾಸು ಮಾಡಿಸಬಹುದು. ಒಳಗೇನಿದೆ ಅಂತ ಯಾರೂ ಬಗೆದು ನೋಡಲ್ಲ."

ತೋಕಿ ಅಲ್ಲೇ ನಿಂತಳು. ಎರಡು ವರ್ಷ. ವಾರಕ್ಕೆ ಮೂರು ದಿನ ಪೇಟೆಯ ದಾರಿ, ಮಿನೆಯ ಕೊಂಕು, ಹಿಂತಿರುಗುವಾಗ ಇಬ್ಬರೂ ಹಂಚಿಕೊಂಡು ತಿನ್ನುವ ಒಂದು ಸಿಹಿ ಕಾಳಿನ ಹೂರಣದ ಬನ್ನು. ಸ್ನಾನದ ಮನೆ ಮುಚ್ಚಿದ ಮೇಲೆ ಅವಳಿಗೆ ಉಳಿದಿದ್ದ ಕೆಲಸ ಅದೊಂದೇ.

"ಜಾರಿ ಎಲ್ಲಾದರೂ ಗುದ್ದಿದರೆ?"

"ಎಡಗಡೆ ತಡೆಯಲ್ಲ."

ಎಡಗಡೆ ಕೂರುವವಳು ಮಿನೆ. ತೋಕಿ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ತುದಿಗಾಲಲ್ಲಿ ನಿಂತು, ಮಿನೆ ಕಾಲಿಡುವ ಜಾಗಕ್ಕೆ ತಾನೇ ಬಡಿದಳು. ತಗಡು ಒದ್ದೆ ರಟ್ಟಿನ ಹಾಗೆ ಬಾಗಿತು.

"ಬೇಡ ಬಿಡೋ," ಎಂದು ಸುತ್ತಿಗೆ ಹಿಂದಕ್ಕೆ ಕೊಟ್ಟಳು. "ಇದನ್ನು ಗುಜರಿಗೆ ಕಳಿಸು."

ಹಿಂತಿರುಗುವಾಗ ಮಿನೆಯ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಿನೆ ಕಂಬಳಿಯೊಳಗಿಂದ ಕೈ ತೆಗೆದು ಕಿತ್ತಳೆ ಸುಲಿದು ಅರ್ಧ ಇವಳ ಮುಂದಿಟ್ಟಳು.

"ಆಸ್ಪತ್ರೆ ವ್ಯಾನು ಇದೆಯಲ್ಲ. ಡ್ರೈವರು ಬಾಯಿ ಬಿಡಲ್ಲವಂತೆ. ನಿನಗಿಂತ ವಾಸಿ." ಒಂದು ತೊಳೆ ಬಾಯಿಗಿಟ್ಟುಕೊಂಡಳು. "ನಾನು ಹೋಗಿ ಬರೋ ತನಕ ನೀನೇನು ಮಾಡ್ತೀಯೇ?"

ತೋಕಿ ತಲೆಯೆತ್ತಿದಳು. ಕಿಟಕಿಯಾಚೆ, ಎದುರು ಮನೆಯ ಅಂಗಳದಲ್ಲಿ, ಒಂದು ಬಿಳಿ ಗಾಡಿಯ ಹೊಟ್ಟೆಯಡಿಯಿಂದ ಹಬೆ ಏಳುತ್ತಿತ್ತು. ಅವಳು ಕಿತ್ತಳೆಯನ್ನು ಅಲ್ಲೇ ಬಿಟ್ಟು ಬೂಟಿಗೆ ಕಾಲು ತೂರಿಸಿದಳು.

"ಮತ್ತೆಲ್ಲಿಗೇ?"

"ನಾಲ್ಕು ಮನೆ ಇದೆ ಅತ್ತಿಗೆ," ಎಂದು ಬಾಗಿಲು ಸರಿಸಿದಳು. "ಕಲಿಸಿದವಳು ನಾನೇ ಅಲ್ವಾ."