ಯಾವ ಮಗ್ಗುಲಿಗೂ ಕೂರುವ ಹೀಟರ್

ದೊಡ್ಡ ಕಟ್ಟಡಗಳ ಚಾವಣಿಗೆ ತಗಡಿನ ಡಕ್ಟ್ ತೂಗುಹಾಕಿ ಗಾಳಿಗೆ ದಾರಿ ಮಾಡುವುದು ಸೋದರಮಾವನ ಕಸುಬು. ಆ ಗಾಳಿಯನ್ನು ಚಳಿಗಾಲದಲ್ಲಿ ಬೆಚ್ಚಗೆ ಮಾಡುವ ಕರೆಂಟ್ ಹೀಟರುಗಳ ನಕ್ಷೆ ಬರೆಯುವುದು ಅವನ ಅಕ್ಕನ ಮಗಳ ಕೆಲಸ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನು ಮಾವನೇ. ತಗಡು ಕತ್ತರಿಸಿ ಕತ್ತರಿಸಿ ಅವನ ಬೆರಳುಗಳಲ್ಲಿ ಗಾಯದ ಗೆರೆ ಬಿಟ್ಟರೆ ಬೇರೆ ಗೆರೆ ಉಳಿದಿರಲಿಲ್ಲ. ಜನ ಅವನನ್ನು ತಗಡಣ್ಣ ಎನ್ನುತ್ತಿದ್ದರು. ಅವನು ಅವಳನ್ನು ಕರೆಯುತ್ತಿದ್ದುದು ಇಂಜಿನಿಯರಮ್ಮ ಎಂದು.

ಹೊಸ ಹೀಟರಿನ ಯೋಚನೆ ಹುಟ್ಟಿದ್ದು ಮಾವನ ಗೊಣಗಾಟದಿಂದಲೇ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ. ನಮ್ಮ ಕೆಲಸದಲ್ಲಿ ಚಾವಣಿ ನಿಜವಾಗ್ಲೂ ಡೊಂಕು ಕಣಮ್ಮ," ಎಂದಿದ್ದ. "ನೀವು ಕೂತಲ್ಲೇ ಕೂತು ವೈರಿನ ಡಬ್ಬಿ ಬಲಗಡೆಗೇ ಇರಬೇಕು ಅಂತ ಬರೀತೀರಿ. ಅಲ್ಲಿ ಹೋಗಿ ನೋಡಿದ್ರೆ ಬಲಗಡೆ ತೊಲೆ, ಎಡಗಡೆ ಪೈಪು. ನಾನು ಕಟ್ಟಡ ಒಡೀಲೋ, ಹೀಟರ್ ಒಡೀಲೋ?"

ಅವಳು ಎರಡು ವರ್ಷ ಅದರ ಹಿಂದೆ ಬಿದ್ದಳು. ಡಬ್ಬಿ ಎಡಕ್ಕಾದರೂ ಸರಿ, ಬಲಕ್ಕಾದರೂ ಸರಿ. ಡಕ್ಟ್ ಅಡ್ಡವಿರಲಿ, ನೆಟ್ಟಗೆ ನಿಂತಿರಲಿ, ಅದೇ ಹೀಟರ್ ಕೂರಬೇಕು. ಬಿಸಿಯಾಗುವ ತಂತಿಯ ಕಾಯಿಲುಗಳನ್ನು ಜೋತುಬೀಳದಂತೆ ಮೂರು ಕಡೆ ಹಿಡಿಸಿದಳು, ಚೌಕಟ್ಟನ್ನು ಎರಡೂ ತುದಿಯಲ್ಲಿ ಒಂದೇ ಅಳತೆಗೆ ತಂದಳು. ಪ್ರಯೋಗದ ಕೋಣೆಯಲ್ಲಿ ಅದನ್ನು ಮಗುವನ್ನು ಹೊರಳಿಸಿದ ಹಾಗೆ ಹೊರಳಿಸಿ ನೋಡಿದಳು. ಎಲ್ಲ ಮಗ್ಗುಲಿಗೂ ಸರಿಹೋಯಿತು, ಒಂದಕ್ಕೆ ಬಿಟ್ಟು.

ಡಬ್ಬಿ ಕೆಳಮುಖವಾಗಿದ್ದಾಗ, ಫ್ಯಾನ್ ನಿಂತರೆ ಬಿಸಿಯೆಲ್ಲ ಮೇಲಕ್ಕೇರುತ್ತಿತ್ತು. ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯಬೇಕಾದ ಕಾವಲು ಸ್ವಿಚ್ಚು ಡಬ್ಬಿಯ ಪಕ್ಕದಲ್ಲಿ, ಅಂದರೆ ಕೆಳಗೆ, ತಣ್ಣಗೆ ಕೂತಿರುತ್ತಿತ್ತು. ಬೇರೆ ಮಗ್ಗುಲಲ್ಲಿ ಮುಕ್ಕಾಲು ನಿಮಿಷದೊಳಗೆ ಬೀಳುವ ಸ್ವಿಚ್ಚು ಇಲ್ಲಿ ಹನ್ನೊಂದು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಕಾಯಿಲು ಕೆಂಡವಾಗಿತ್ತು.

"ಎದುರು ಮಗ್ಗುಲಿಗೂ ಒಂದು ಕಾವಲು ಸ್ವಿಚ್ ಹಾಕಬೇಕು ಸರ್," ಎಂದು ಪ್ರಯೋಗದ ಹಾಳೆ ಹಿಡಿದು ಮ್ಯಾನೇಜರ ಹತ್ತಿರ ಹೋದಳು.

"ಗಾಳಿ ನಿಂತ್ರೆ ಬಿದ್ದು ಹೀಟರ್ ಆಫ್ ಮಾಡೋ ತಗಡಿನ ಪಟ್ಟಿ ಇದೆಯಲ್ಲ ಡಕ್ಟಲ್ಲಿ?"

"ಅದು ಧೂಳಿಗೆ ಅಂಟಿಕೊಂಡ್ರೆ?"

"ಅಂಟಿಕೊಂಡ್ರೆ, ಫ್ಯಾನಿನ ಬೆಲ್ಟ್ ಹರಿದ್ರೆ, ಆಕಾಶ ಬಿದ್ರೆ." ಮ್ಯಾನೇಜರ್ ನಕ್ಕರು. "ಡಬ್ಬಿ ಕೆಳಗೆ ಮಾಡಬೇಡಿ ಅಂತ ಚೀಟಿ ಅಂಟಿಸಿ. ಮುಂದಿನ ವಾರ ಹೊರಗೆ ಹೋಗಬೇಕು ಇದು."

ಅವಳು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು. ಚೀಟಿ ಅಂಟಿದ್ದು ಡಬ್ಬಿಯ ಮುಚ್ಚಳದ ಒಳಗೆ, ಉಗುರಿನಷ್ಟು ಅಕ್ಷರದಲ್ಲಿ. ಪೆಟ್ಟಿಗೆಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಅಚ್ಚಾಗಿದ್ದು: ಯಾವ ಮಗ್ಗುಲಿಗೂ ಕೂರುತ್ತದೆ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ, ಒಂದು ರಜಾ ಮಧ್ಯಾಹ್ನ ಅವಳು ಮಾವನ ಮನೆಗೆ ಊಟಕ್ಕೆ ಹೋದಳು. ಮಾವ ಭಾರೀ ಖುಷಿಯಲ್ಲಿದ್ದ.

"ನಿನ್ನ ಹೀಟರ್ ಹಾಕ್ದೆ ಕಣಮ್ಮ, ಆ ಪುಸ್ತಕ ಹೊಲಿಯೋ ಕಾರ್ಖಾನೆಗೆ. ಮೇಲೆ ತೊಲೆ, ಎರಡು ಕಡೆ ಗೋಡೆ. ಹಳೇದಾಗಿದ್ರೆ ತಲೆ ಚಚ್ಕೋಬೇಕಿತ್ತು. ಡಬ್ಬಿ ಕೆಳಗೆ ಮಾಡಿ ಎತ್ತಿ ಇಟ್ಟೆ ನೋಡು, ಅಳತೆ ತಗೊಂಡು ಹೊಲಿದ ಅಂಗಿ ಹಾಗೆ ಕೂತ್ಕೊಳ್ತು!"

ಅವಳ ಕೈ ತಟ್ಟೆಯಲ್ಲೇ ನಿಂತಿತು. ಹೇಳಬೇಕಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮಾವ ಯಾಕೆ ಎನ್ನುತ್ತಾನೆ. ಗೊತ್ತಿದ್ದೂ ಸಹಿ ಹಾಕಿದೆಯಾ ಎನ್ನುತ್ತಾನೆ. ಅತ್ತೆ ಆಗಲೇ, "ಹೊತ್ತುಗೊತ್ತಿಲ್ಲದೆ ನಿನ್ನ ಹೀಟರ್ ಪುರಾಣವೇ ನಮ್ಮನೇಲಿ," ಎಂದು ನಗುತ್ತ ಇನ್ನಷ್ಟು ಬಡಿಸಿದಳು. ಗಾಳಿಯ ಪಟ್ಟಿ ಇದೆಯಲ್ಲ ಎಂದುಕೊಂಡಳು. ನಾಳೆ ಫೋನ್ ಮಾಡಿ ಹೇಳುತ್ತೇನೆ ಎಂದುಕೊಂಡಳು.

"ಒಳ್ಳೇದಾಯ್ತು ಮಾವ," ಎಂದಳು.

ನಾಳೆ ಎಂದದ್ದು ಮೂರು ವಾರವಾಯಿತು. ಎರಡು ಸಲ ಫೋನ್ ಕೈಗೆತ್ತಿಕೊಂಡು, ಎರಡೂ ಸಲ ಬೇರೆ ಯಾವುದೋ ಕೆಲಸ ಹುಡುಕಿಕೊಂಡಳು.

ಒಂದು ಬೆಳಿಗ್ಗೆ ಹತ್ತೂವರೆಗೆ ಆ ಕಾರ್ಖಾನೆಯ ಫ್ಯಾನಿನ ಬೆಲ್ಟ್ ಹರಿಯಿತು. ಗಾಳಿಯ ಪಟ್ಟಿ ಕಾಗದದ ಧೂಳು, ಅಂಟಿನ ಹಬೆ ಮೆತ್ತಿ ಹಿಡಿದುಕೊಂಡಿತ್ತು; ಬೀಳಲಿಲ್ಲ. ಡಕ್ಟಿನಲ್ಲಿ ಕೂತಿದ್ದ ಧೂಳು ಹೊತ್ತಿಕೊಂಡಿತು. ಹೊರಕೋಣೆಯವರು ಓಡಿದರು. ಒಳಕೋಣೆಯಲ್ಲಿ ಹಾಳೆ ಮಡಿಸುತ್ತಿದ್ದ ಇಬ್ಬರು ಹೆಂಗಸರಿಗೆ ಹೊಗೆಯಲ್ಲಿ ಬಾಗಿಲು ಸಿಗಲಿಲ್ಲ. ಇಬ್ಬರೂ ಓರಗಿತ್ತಿಯರು, ಒಂದೇ ಮನೆಯವರು.

ಮಾರನೆಯ ದಿನವೇ ಪೊಲೀಸರು ಮಾವನನ್ನು ಕರೆದೊಯ್ದರು.

ಕಂಪನಿ ಚೀಟಿಯ ಫೋಟೋ ಮುಂದಿಟ್ಟು ಕೈತೊಳೆದುಕೊಂಡಿತು. ಚೀಟಿ ಓದದ ಫಿಟ್ಟರು ತಲೆಕೆಳಗೆ ಹಾಕಿದರೆ ಯಾರೇನು ಮಾಡಲು ಸಾಧ್ಯ ಎಂದಿತು. ಪ್ರಯೋಗದ ಹಾಳೆ ಕಡತದಿಂದ ಮಾಯವಾಗಿತ್ತು. ಅದರ ಒಂದು ಪ್ರತಿ ಅವಳ ಮೇಜಿನ ಖಾನೆಯಲ್ಲಿತ್ತು.

ವಿಚಾರಣೆ ನಡೆದದ್ದು ಉದ್ದನೆಯ ಹಾಲಿನಲ್ಲಿ. ಸತ್ತವರ ಮನೆಯವರು ಒಂದು ಸಾಲು ತುಂಬ ಕೂತಿದ್ದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಏನೂ ಹಿಡಿಯಲು ಸಿಗದೆ, ತನ್ನ ಕೈಗಳನ್ನೇ ಹಿಡಿದುಕೊಂಡು ನಿಂತಿದ್ದ.

"ಚೀಟಿ ನೋಡಲಿಲ್ವಾ?" ಎಂದು ವಿಚಾರಣಾಧಿಕಾರಿ ಕೇಳಿದರು.

"ಇಲ್ಲ ಸ್ವಾಮಿ. ಮುಚ್ಚಳದ ಒಳಗಿತ್ತಂತೆ. ನೋಡಬೇಕಿತ್ತು. ನನ್ನದೇ ತಪ್ಪು."

"ಹೀಗೆ ಹಾಕಿದೀನಿ, ಸರಿಯಾ ಅಂತ ತಿಳಿದವರನ್ನ ಯಾರನ್ನಾದ್ರೂ ಕೇಳಿದ್ರಾ? ಯಾರಿಗಾದ್ರೂ ಹೇಳಿದ್ರಾ?"

ಮಾವ ಅವಳತ್ತ ನೋಡಲಿಲ್ಲ. ನೆಲ ನೋಡಿದ.

"ಯಾರಿಗೂ ಹೇಳಲಿಲ್ಲ ಸ್ವಾಮಿ."

ಆಗ ಅವಳಿಗೆ ಅರ್ಥವಾಯಿತು. ಆ ಮಧ್ಯಾಹ್ನ ಅವಳ ಕೈ ತಟ್ಟೆಯಲ್ಲಿ ನಿಂತದ್ದನ್ನು ಮಾವ ನೋಡಿದ್ದ. ಬೆಂಕಿಯ ಸುದ್ದಿ ಬಂದ ಮೇಲೆ ಅದರ ಅರ್ಥ ಅವನಿಗೆ ಹೊಳೆದಿತ್ತು. ಹೊಳೆದ ಮೇಲೂ ಹೊರೆ ಹೊರಲು ನಿಂತಿದ್ದಾನೆ.

ಅವಳು ಎದ್ದು ನಿಂತಳು. "ನನಗೆ ಹೇಳಿದ್ರು," ಎಂದಳು. "ಹಾಕಿದ ಮೇಲೆ ಬಾಯಿಬಿಟ್ಟು ನನಗೇ ಹೇಳಿದ್ರು. ನಾನು ಒಳ್ಳೇದಾಯ್ತು ಅಂದೆ. ಹಾಗೆ ಹಾಕಬಾರದು ಅಂತ ನನಗೆ ಗೊತ್ತಿತ್ತು." ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

ಹಾಲಿನಲ್ಲಿ ಯಾರೋ ಅಳಲು ಶುರುಮಾಡಿದರು. ಮಾವ ತಲೆಯೆತ್ತಿ, "ಸುಳ್ಳು ಹೇಳ್ತಿದಾಳೆ ಸ್ವಾಮಿ, ನನ್ನ ಉಳಿಸೋಕೆ," ಎಂದ. ಯಾರೂ ನಂಬಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅತ್ತೆ ಕಾದಿದ್ದಳು. ಬೈಯಲಿಲ್ಲ. "ನನ್ನ ಕೈಯ ಊಟ ಮಾಡ್ತಾ ಸುಮ್ಮನಿದ್ಯಲ್ಲೇ," ಎಂದಳು. "ಒಂದು ಮಾತು. ಒಂದೇ ಒಂದು ಮಾತು ಆಡಿದ್ರೆ ಅವತ್ತೇ ಹೋಗಿ ಬಿಚ್ಚಿ ಬರ್ತಿದ್ರು ಇವರು." ಅದಾದ ಮೇಲೆ ಅತ್ತೆ ಅವಳೊಡನೆ ಮತ್ತೆ ಮಾತಾಡಲಿಲ್ಲ.

ಮಾವನನ್ನು ಬಿಟ್ಟರು. ಮ್ಯಾನೇಜರಿಗೂ ಅವಳಿಗೂ ಶಿಕ್ಷೆಯಾಯಿತು. ಮ್ಯಾನೇಜರ್ ಮೇಲ್ಮನವಿ ಹಾಕಿ ಹೊರಗುಳಿದರು. ಅವಳು ಹಾಕಲಿಲ್ಲ. ಹದಿನಾಲ್ಕು ತಿಂಗಳು ಜೈಲು.

ಹೀಟರುಗಳನ್ನೆಲ್ಲ ವಾಪಸು ತೆಗೆಯಬೇಕೆಂದು ಆದೇಶವಾಯಿತು. ಒಟ್ಟು ಮುನ್ನೂರ ಹನ್ನೆರಡು. ಆ ಕೆಲಸಕ್ಕೆ ಯಾವ ಫಿಟ್ಟರೂ ಮುಂದೆ ಬರಲಿಲ್ಲ. ಹೆಸರು ಕೆಡುತ್ತದೆಂದು ಎಲ್ಲರಿಗೂ ಅಂಜಿಕೆ. ಕೆಡಲು ಇನ್ನೇನೂ ಉಳಿದಿರದ ಮಾವ ಏಣಿ ಹೊತ್ತು ಹೊರಟ.

ತಿಂಗಳಿಗೊಮ್ಮೆ ಅವಳನ್ನು ನೋಡಲು ಬರುತ್ತಿದ್ದ. ನಡುವೆ ಗಾಜು. ಮೊದಲ ಸಲ, "ನಾನು ಹೊತ್ಕೊಂಡಿದ್ದನ್ನ ಯಾಕೆ ಕಿತ್ಕೊಂಡೆ?" ಎಂದು ಕೇಳಿದ್ದ. ಆಮೇಲೆ ಅವನು ಅದನ್ನು ಕೇಳಲಿಲ್ಲ. ಮಡಿಸಿದ ವಿಳಾಸದ ಪಟ್ಟಿ ಬಿಡಿಸಿ, ಬಿಚ್ಚಿ ತಂದವುಗಳನ್ನು ಓದುತ್ತಿದ್ದ: ಒಂದು ಬಟ್ಟೆ ಅಂಗಡಿ, ಒಂದು ಹಲ್ಲಿನ ಆಸ್ಪತ್ರೆ, ಒಂದು ಶಾಲೆಯ ಊಟದ ಕೋಣೆ.

"ಶಾಲೇದು ಹೇಗಿತ್ತು?" ಎಂದು ಕೇಳಿದಳು ಒಮ್ಮೆ.

"ಡಬ್ಬಿ ಕೆಳಗಿತ್ತು."

ಮಾವ ಪಟ್ಟಿ ಮಡಿಸಿ ಜೇಬಿಗಿಟ್ಟ.

ಹತ್ತನೆಯ ತಿಂಗಳು ನೋಡಲು ಬಂದಾಗ ಮಾವನ ಕೆನ್ನೆ ಇಳಿದಿತ್ತು. "ಇನ್ನೂ ನಲವತ್ತೊಂದು ಸಿಕ್ಕಿಲ್ಲ," ಎಂದ. "ಕೈಯಿಂದ ಕೈಗೆ ಹೋಗಿವೆ. ಅಂಗಡಿಯವರು ಇಂಥವರಿಗೆ ಮಾರಿದ್ದು ಅಂತ ಬರೆದಿಟ್ಟಿಲ್ಲ. ಯಾವ ಚಾವಣಿ ಕೆಳಗೆ ಹೇಗೆ ಬಿದ್ದಿವೆಯೋ."

"ಮೊದಲನೇ ಕಂತಿನವಕ್ಕೆ ಚೌಕಟ್ಟು ಬೂದು ಬಣ್ಣ ಮಾವ. ಎರಡನೇದಕ್ಕೆ ಬಣ್ಣ ಇರಲಿಲ್ಲ, ಬರೀ ತಗಡು. ಅದರಿಂದ ಗುರುತು ಹಿಡೀಬಹುದು."

ಮಾವ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ಪಟ್ಟಿಯ ಹಿಂಬದಿಗೆ ಅದನ್ನು ದೊಡ್ಡ ದೊಡ್ಡ ಅಕ್ಷರದಲ್ಲಿ ನಿಧಾನವಾಗಿ ಬರೆದುಕೊಂಡ. ಭೇಟಿ ಮುಗಿಯುವ ಗಂಟೆ ಹೊಡೆಯಿತು. ಚಳಿ ಬಂದು ಹೀಟರುಗಳು ಹತ್ತಲು ಇನ್ನು ಆರು ವಾರವಿತ್ತು.