ಸೊಂಟ ಅಂದರೆ ಎಲ್ಲಿ?

ಬೂಟಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಉಂಗುರದಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳ ಬೆರಳಲ್ಲಿ ಉಂಗುರವೇನೂ ಇರಲಿಲ್ಲ. ಬೂಟಿಗೆ ಲೇಸು ಪೋಣಿಸಲು ತೂತುಗಳಿರುತ್ತವಲ್ಲ, ಆ ತೂತುಗಳಿಗೆ ಲೋಹದ ಪುಟ್ಟ ಉಂಗುರ ಬಡಿಯುವುದು ಅವಳ ಕೆಲಸ. ಎಡಗಾಲ ಮೇಲೆ ನಿಂತು ಬಲಗಾಲಲ್ಲಿ ಪೆಡಲ್ ತುಳಿಯಬೇಕು. ಹನ್ನೊಂದು ವರ್ಷ ಹಾಗೆ ಕೊಕ್ಕರೆಯಂತೆ ನಿಂತು ದುಡಿದಿದ್ದಳು. ಎಂಟು ತಿಂಗಳಿಂದ ನಿಲ್ಲಲು ಆಗುತ್ತಿರಲಿಲ್ಲ.

ಎಲ್ಲಿ ನೋವು ಎಂದು ಕೇಳಿದವರಿಗೆಲ್ಲ ಅವಳು "ಸೊಂಟ" ಎಂದಿದ್ದಳು. ತಪ್ಪಾಗಿದ್ದು ಅಲ್ಲೇ. ನಮ್ಮ ಮಾತಿನಲ್ಲಿ ಸೊಂಟಕ್ಕೆ ಗಡಿಯೇ ಇಲ್ಲ. ಬೆಲ್ಟು ಬಿಗಿಯುವ ಜಾಗವೂ ಸೊಂಟ, ಮಗುವನ್ನು ಎತ್ತಿಕೊಳ್ಳುವ ಜಾಗವೂ ಸೊಂಟ, ಬಗ್ಗಿ ಎದ್ದಾಗ ಅಯ್ಯಪ್ಪಾ ಎಂದು ಹಿಡಿದುಕೊಳ್ಳುವ ಜಾಗವೂ ಸೊಂಟವೇ. ಮೊದಲನೆಯ ಡಾಕ್ಟರು ಬೆನ್ನುಮೂಳೆಯ ಫೋಟೊ ತೆಗೆಸಿದರು. ಎರಡನೆಯವರು ತೊಡೆ ಸೇರುವ ಕೀಲಿನದು. ಮೂರನೆಯವರು ಮೂತ್ರಪಿಂಡವನ್ನೂ ಬಿಡಲಿಲ್ಲ. ಎಲ್ಲ ಫೋಟೊಗಳಲ್ಲೂ ಅವಳು ಚೆನ್ನಾಗಿಯೇ ಬಂದಿದ್ದಳು. ಕಡೆಗೆ ಕಾರ್ಖಾನೆಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಫಿಜಿಯೊಥೆರಪಿ ವಿಭಾಗದಲ್ಲಿ ಒಂದು ಪರೀಕ್ಷೆ ಆಗಲಿ, ಅಲ್ಲೂ ಏನೂ ಇಲ್ಲ ಎಂದು ಬಂದರೆ ಸೋಮವಾರದಿಂದ ಪೆಡಲ್, ಇಲ್ಲವೇ ರಾಜೀನಾಮೆ.

ಕೆಲಸ ಹೋಗುವ ಭಯ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದದ್ದು ಮನೆಯಲ್ಲಿ ಆಡುತ್ತಿದ್ದ ಒಂದು ಮಾತು: ನಾಟಕ. ಗಂಡ ಬಾಯಿಬಿಟ್ಟು ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಅತ್ತೆ ಮಾತ್ರ ಬಾಯಿತುಂಬ ಹೇಳಿದ್ದರು. ಲಾಂಡ್ರಿಯಲ್ಲಿ ಮೂವತ್ತು ವರ್ಷ ನಿಂತೇ ಇಸ್ತ್ರಿ ಮಾಡಿದ ಹೆಂಗಸು ಅವರು. "ನಾವೂ ನಿಂತವರೇ ಕಣೇ. ನಮಗೂ ಸೊಂಟ ಇತ್ತು" ಎಂದು ಮೂಗು ಮುರಿಯುತ್ತಿದ್ದರು. ಇವತ್ತು ಜೊತೆಗೆ ಬಂದದ್ದೂ ಸೊಸೆಯ ಮೇಲಿನ ಕನಿಕರದಿಂದಲ್ಲ, ನಾಟಕ ಬಯಲಾಗುವುದನ್ನು ಕಣ್ಣಾರೆ ನೋಡಲು.

ಪಕ್ಕದ ಯಂತ್ರದವಳು ಒಂದು ಉಪಾಯ ಹೇಳಿಕೊಟ್ಟಿದ್ದಳು. "ಮುಟ್ಟಿದಲ್ಲೆಲ್ಲ ಅಯ್ಯೋ ಅನ್ನು. ಒಂದಾದ್ರೂ ಅವರ ಲೆಕ್ಕಕ್ಕೆ ಸಿಗುತ್ತೆ."

ಫಿಜಿಯೊಥೆರಪಿಯ ಕೋಣೆಯಲ್ಲಿ ಯಂತ್ರಗಳೇ ಇರಲಿಲ್ಲ. ಎತ್ತರದ ಒಂದು ಮಂಚ, ಎರಡು ಕುರ್ಚಿ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಎಲುಬು. ಫಿಜಿಯೊ ಮೇಡಂ ಕುಳ್ಳಗಿದ್ದರು, ಅರವತ್ತರ ಆಸುಪಾಸು. ಅಷ್ಟು ದೊಡ್ಡ ಯಂತ್ರಗಳಿಗೆ ಸಿಗದ್ದು ಈ ಮುದುಕಿಗೆ ಏನು ಸಿಗುತ್ತದೆ ಎಂದುಕೊಂಡಳು ಉಂಗುರದಕ್ಕ.

"ಎಲ್ಲಿ ನೋವು?"

"ಸೊಂಟ, ಮೇಡಂ."

"ಆ ಮಾತು ಬೇಡಮ್ಮ. ಎಷ್ಟೋ ಜನರನ್ನ ದಾರಿ ತಪ್ಪಿಸಿದೆ ಅದು. ಬಾಯಲ್ಲಿ ಹೇಳ್ಬೇಡಿ, ಬೆರಳಿಟ್ಟು ತೋರಿಸಿ. ಒಂದೇ ಬೆರಳು."

ಅವಳು ಅಂಗೈ ಇಡಲು ಹೋದವಳು ತಡೆದು, ತೋರುಬೆರಳನ್ನು ಹಿಂದಕ್ಕೆ ಒಯ್ದಳು. ಬೆನ್ನು ಮುಗಿದು ಪಿರ್ರೆ ಶುರುವಾಗುವಲ್ಲಿ ಎರಡೂ ಕಡೆ ಸಣ್ಣ ಕುಳಿ ಇರುತ್ತದಲ್ಲ, ಎಡಗಡೆಯ ಆ ಕುಳಿಯ ಸ್ವಲ್ಪ ಕೆಳಗೆ ಬೆರಳು ತಾನಾಗಿಯೇ ಹೋಗಿ ನಿಂತಿತು. ಮೇಡಂ ಅವಳನ್ನು ಕೋಣೆಯ ಉದ್ದಕ್ಕೂ ನಡೆಸಿ ಮತ್ತೆ ತೋರಿಸಲು ಹೇಳಿದರು. ಬೆರಳು ಅಲ್ಲೇ ಬಂತು. ಎಂಟು ತಿಂಗಳಲ್ಲಿ ಯಾರೂ ಅವಳಿಂದ ಇಷ್ಟು ಸಣ್ಣ ಉತ್ತರ ಕೇಳಿರಲಿಲ್ಲ.

"ಮಲಗಿ. ನಾನು ಬೇರೆ ಬೇರೆ ಕಡೆ ಒತ್ತುತೀನಿ. ನೋವಾಗುತ್ತಾ ಅಂತ ಕೇಳಲ್ಲ. ಜೋರಾಗಿ ಒತ್ತಿದ್ರೆ ಯಾರಿಗಾದ್ರೂ ನೋವಾಗುತ್ತೆ. ದಿನಾ ನಿಮ್ಮ ಜೊತೆ ಇರುತ್ತಲ್ಲ, ಆ ನೋವೇನಾ ಅಂತ ಕೇಳ್ತೀನಿ. ಅದಾದ್ರೆ ಹೌದು ಅನ್ನಿ, ಅಲ್ಲದಿದ್ರೆ ಇಲ್ಲ ಅನ್ನಿ."

ಮೊದಲು ಬಲಗಾಲು. ಮಂಡಿ ಮಡಚಿ ತೊಡೆಯನ್ನು ನೆಟ್ಟಗೆ ನಿಲ್ಲಿಸಿ, ಒಂದು ಕೈಯನ್ನು ಬೆನ್ನಿನ ಬುಡದಡಿ ಇಟ್ಟು, ಮಂಡಿಯ ಮೇಲಿಂದ ಕೆಳಕ್ಕೆ ಒತ್ತಿದರು. ಏನೂ ಆಗಲಿಲ್ಲ. "ನಿಮ್ಮ ನೋವಾ?" ಅಯ್ಯೋ ಎನ್ನುವುದು ಉಂಗುರದಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ಇಲ್ಲ ಎಂದರೆ ಮೇಡಂ ಇಲ್ಲವೆಂದೇ ಬರೆದುಬಿಟ್ಟರೆ? ಮೂಲೆಯ ಕುರ್ಚಿಯಲ್ಲಿ ಅತ್ತೆ ಕತ್ತು ಉದ್ದ ಮಾಡಿ ಕೂತಿದ್ದರು. ಆದರೂ ತನ್ನದಲ್ಲದ ನೋವನ್ನು ತನ್ನದೆನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಇಲ್ಲ ಮೇಡಂ."

"ಹೂಂ" ಎಂದು ಮೇಡಂ ಎಡಗಾಲಿಗೆ ಬಂದರು. ಅದೇ ಮಡಿಕೆ, ಅದೇ ಒತ್ತು. ಅವಳ ಉಸಿರು ಗಕ್ಕನೆ ನಿಂತಿತು. ಪೆಡಲಿನ ಮುಂದೆ, ಮೆಟ್ಟಿಲ ಮೇಲೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಬರುತ್ತಿದ್ದ ನೋವು, ಗುರುತಿನವರು ಹೆಸರು ಹಿಡಿದು ಕೂಗಿದಂತೆ ಎದ್ದು ಬಂತು.

"ಅದೇ. ಅದೇ ಮೇಡಂ, ನನ್ನದೇ."

ನೋವಿಗೆ ಖುಷಿಪಡುವವರುಂಟೇ? ಅವಳು ಪಟ್ಟಳು. ಆಮೇಲೆ ಮೇಡಂ ಅವಳನ್ನು ಬಲಮಗ್ಗುಲಿಗೆ ಮಲಗಿಸಿ ಮೇಲಿನಿಂದ ಒತ್ತಿದರು, ಅದೇ ನೋವು. ಮಂಚದ ಅಂಚಿಗೆ ಸರಿಸಿ, ಬಲಮಂಡಿಯನ್ನು ಎದೆಗೆ ಅಪ್ಪಿಸಿ, ಎಡಗಾಲನ್ನು ಕೆಳಗೆ ಇಳಿಬಿಟ್ಟು ಅದುಮಿದರು, ಅದೇ. ಅಂಗಾತ ಮಲಗಿಸಿ ಕಿಬ್ಬೊಟ್ಟೆಯ ಎರಡು ಬದಿಗೆ ಮುಂದೆ ಚಾಚಿದ ಎಲುಬುಗಳನ್ನು ಹೊರಕ್ಕೆ ತಳ್ಳಿದಾಗ ಮಾತ್ರ ಏನೂ ಇಲ್ಲ. ಅದನ್ನೂ ಅವಳು ಇಲ್ಲವೆಂದೇ ಹೇಳಿದಳು. ಆ ಕೈಗಳಿಗೆ ಸುಳ್ಳು ಹೇಳುವುದು ಬೇಕಾಗಿಯೇ ಇರಲಿಲ್ಲ. ಮಾಂಸ, ಚರ್ಮ, ಬಟ್ಟೆ ಎಲ್ಲವನ್ನೂ ದಾಟಿ ಅವು ಸೀದಾ ಒಳಗಿನ ಒಂದು ಬಿಂದುವಿಗೇ ಹೋಗಿ ಬಾಗಿಲು ತಟ್ಟುತ್ತಿದ್ದವು.

ಮೇಡಂ ಪ್ಲಾಸ್ಟಿಕ್ಕಿನ ಎಲುಬು ತಂದು ತೋರಿಸಿದರು. "ಬೆನ್ನುಮೂಳೆ ಕೊನೆಗೆ ಬಂದು ಕೂರೋದು ಈ ತ್ರಿಕೋನದ ಮೇಲೆ. ಅದರ ಎರಡು ಪಕ್ಕಕ್ಕೂ ಒಂದೊಂದು ಕೀಲಿದೆ. ಅಲ್ಲಾಡೋದು ಅಕ್ಕಿಕಾಳಿನ ದಪ್ಪದಷ್ಟು. ಆದ್ರೆ ಮೇಲಿನ ಭಾರ ಎಲ್ಲಾ ಕಾಲಿಗೆ ಇಳಿಯೋದು ಇದರ ಮೂಲಕವೇ. ನಿಮ್ಮದು ಎಡಗಡೆ ಕೆಟ್ಟಿದೆ. ಒಂದು ಪರೀಕ್ಷೆ ನಂಬಿ ಹೇಳಲ್ಲ ನಾನು. ಮೂರು ಪರೀಕ್ಷೆಯಲ್ಲಿ ಸಿಕ್ಕಿದೆ."

ಉಂಗುರದಕ್ಕ ಆ ಕೀಲಿನ ಗೆರೆಯನ್ನು ಮುಟ್ಟಿ ನೋಡಿದಳು. ಇಷ್ಟು ಸಣ್ಣ ಜಾಗದ ಮೇಲೆ ಹನ್ನೊಂದು ವರ್ಷ ನಿಂತಿದ್ದೆನೇ ಎಂದು ಬೆರಗಾದಳು.

"ಒತ್ತಿದ್ರೆ ಯಾರಾದ್ರೂ ಕೂಗ್ತಾರೆ ಬಿಡಿ" ಎಂದರು ಅತ್ತೆ, ಕುರ್ಚಿಯಿಂದಲೇ.

ಮೇಡಂ ಸಿಟ್ಟಾಗಲಿಲ್ಲ. "ಬನ್ನಿ ಅಮ್ಮಾ, ಇಲ್ಲಿ ನಿಂತ್ಕೊಳಿ" ಎಂದು ಮಂಚದ ಪಕ್ಕಕ್ಕೆ ಕರೆದರು. ಸೊಸೆಗೆ, "ಎಡಗಾಲು ನೆಟ್ಟಗಿಟ್ಟು ಒಂದು ಗೇಣು ಎತ್ತಿ" ಎಂದರು.

ಅವಳು ಹಲ್ಲು ಕಚ್ಚಿದಳು. ಹಿಮ್ಮಡಿ ಮಂಚ ಬಿಟ್ಟು ಏಳಲೇ ಇಲ್ಲ. ಕಾಲು ಅವಳದಲ್ಲವೇನೋ ಎಂಬಂತೆ ಬಿದ್ದಿತ್ತು.

"ಈಗ ಅಮ್ಮಾ, ಹೊಟ್ಟೆ ಕೆಳಗೆ ಎರಡೂ ಪಕ್ಕಕ್ಕೆ ಎಲುಬು ಸಿಗುತ್ತಲ್ಲ, ಅಂಗೈ ಇಟ್ಟು ಒಳಕ್ಕೆ ಒತ್ತಿ ಹಿಡೀರಿ, ಆ ಕೀಲಿಗೆ ಆಸರೆ ಸಿಗಲಿ. ಇಸ್ತ್ರಿ ಮಾಡಿದ ಕೈ ಅಂದ್ರಲ್ಲ ಬರುವಾಗ, ಗಟ್ಟಿಯಾಗೇ ಇರುತ್ತೆ. ಹಾಂ. ಈಗ ನೀವು ಕಾಲೆತ್ತಿ."

ಕಾಲು ಎದ್ದಿತು. ಹೂವಿನಷ್ಟು ಹಗುರವಾಗಿ, ಒಂದು ಗೇಣಲ್ಲ, ಎರಡು ಗೇಣು ಎದ್ದು ಗಾಳಿಯಲ್ಲಿ ನಿಂತಿತು. ಉಂಗುರದಕ್ಕ ತನ್ನ ಪಾದವನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

ಅತ್ತೆ ಸುಮ್ಮನೆ ನಂಬುವವರಲ್ಲ. ಹೇಳದೆ ಕೇಳದೆ ಕೈ ತೆಗೆದರು. ಕಾಲು ದೊಪ್ಪನೆ ಬಿತ್ತು, ಸೊಸೆಯ ಬಾಯಿಂದ ನೋವಿನ ಸದ್ದು ಹೊರಟಿತು. ಮತ್ತೆ ಒತ್ತಿ ಹಿಡಿದರು. ಕಾಲು ಮತ್ತೆ ಎದ್ದಿತು. ಒತ್ತಿದವರು ತಾವೇ, ಬಿಟ್ಟವರೂ ತಾವೇ. ಬೇರೆ ಯಾರ ಮೇಲೆ ಅನುಮಾನ ಪಡುವುದು? ಅತ್ತೆ ಒತ್ತಿ ಹಿಡಿದಿದ್ದ ತಮ್ಮ ಕೈಗಳನ್ನು ನೋಡಿದರು, ಕಾಲನ್ನು ನೋಡಿದರು. ಆಮೇಲೆ ಸೊಸೆಯ ಮುಖ ನೋಡಿದರು.

ಮೇಡಂ ಮೇಜಿಗೆ ಹೋಗಿ ಬರೆಯಲು ಕೂತರು. "ಆಯ್ತು ಅಮ್ಮಾ, ಬಿಡಬಹುದು."

ಅತ್ತೆ ಬಿಡಲಿಲ್ಲ. ಬಾಗಿಕೊಂಡೇ, ಮೇಡಂಗೆ ಕೇಳದಷ್ಟು ತಗ್ಗಿದ ದನಿಯಲ್ಲಿ, "ತುಂಬಾ ನೋಯುತ್ತೇನೇ?" ಎಂದರು.

ಮನೆಯಲ್ಲಿ ಯಾರೂ ಇದುವರೆಗೆ ಅದನ್ನು ಕೇಳಿರಲಿಲ್ಲ. ಅಷ್ಟೆಲ್ಲ ಒತ್ತಿದಾಗಲೂ ಅಳದ ಉಂಗುರದಕ್ಕ, "ಹೂಂ ಅತ್ತೆ" ಎಂದು ಅತ್ತುಬಿಟ್ಟಳು.